ಸೀತಾಂಗೋಳಿಯಲ್ಲಿ ಬೆಲ್ಲ, ನೀರು

ಬಸ್ಸು ಕೆಟ್ಟು ಸೀತಾಂಗೋಳಿಯ ಚಹಾದಂಗಡಿಯ ಎದುರು ನಿಂತಿತು. ಕುಂಬಳೆಯಲ್ಲಿ ರೈಲು ತಪ್ಪಿದರೆ ಮಂಗಳೂರಿನಲ್ಲಿ ತಂಗಿಯ ಮದುವೆ ಮಾತುಕತೆಗೆ ನಾನಿರುವುದಿಲ್ಲ. ಡ್ರೈವರನ ಮೇಲೆ ರೇಗಿ ರೇಗಿ ಗಂಟಲು ಒಣಗಿತು.

ನನ್ನ ಪಕ್ಕ ಕೂತಿದ್ದ ಸಿಲೋನಿನ ಬೌದ್ಧ ಭಿಕ್ಷು ಮಾತ್ರ ಇಳಿದವರೇ ಮಾವಿನ ಮರದ ನೆರಳಿನಲ್ಲಿ ಅತ್ತಿಂದಿತ್ತ ನಡೆಯತೊಡಗಿದರು. ಅದು ಅವರ ಧ್ಯಾನವಂತೆ, ಬಸ್ಸಿನಲ್ಲೇ ಹೇಳಿದ್ದರು. ಪಾದ ಎತ್ತುವುದೂ ಊರುವುದೂ ಎಷ್ಟು ನಿಧಾನವೆಂದರೆ, ನೋಡಿಯೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅಂಗಡಿಯ ಗಿರಿಜಕ್ಕ ಬೆಲ್ಲದ ತುಂಡನ್ನೂ ತುಂಬಿದ ಚೊಂಬನ್ನೂ ಹಿಡಿದು ಬಂದರು. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ, ನೀರು ಕೊಟ್ಟ ಮೇಲೆಯೇ ಇಲ್ಲಿ ಬೇರೆ ಮಾತು. ಭಿಕ್ಷು ನಿಲ್ಲಲಿಲ್ಲ. ಕರೆದು ನಿಲ್ಲಿಸಲು ಆಕೆಗೆ ಸಂಕೋಚ, ಕೊಡದೆ ಹಿಂದಿರುಗಲು ಮನಸ್ಸಿಲ್ಲ. ನೀರು ತುಳುಕದಂತೆ ಚೊಂಬನ್ನೇ ನೋಡುತ್ತಾ, ಅವರು ತಿರುಗಿದಲ್ಲಿ ತಿರುಗುತ್ತಾ, ಹಿಂದೆಯೇ ಹೆಜ್ಜೆ ಹಾಕಿದರು.

ಕೊನೆಗೆ ಭಿಕ್ಷು ನಿಂತು, ನಕ್ಕು, ಎರಡೂ ಕೈ ಚಾಚಿದರು.

ಗಿರಿಜಕ್ಕ ನನ್ನತ್ತ ಬಂದಾಗ ಮುಖವೆಲ್ಲ ನಗು. "ಎಂತ ಮಾರಾಯ್ರೇ, ಬೆಳಗ್ಗಿನಿಂದ ಇದ್ದ ಮಂಡೆಬಿಸಿ ಎಲ್ಲಿಗೆ ಹೋಯ್ತೋ! ನಿಮಗೂ ನೀರು ತರ್ಲಾ?"

"ಚೊಂಬು ತುಂಬಿಸಿಯೇ ಕೊಡಿ. ಕುಡಿಯುವುದು ಮತ್ತೆ," ಎಂದೆ.

ಚಪ್ಪಲಿ ಕಳಚಿ, ತುಂಬಿದ ಚೊಂಬು ಹಿಡಿದು, ಮತ್ತೆ ನಡೆಯತೊಡಗಿದ್ದ ಭಿಕ್ಷುವಿನ ಹಿಂದೆ ನಾನೂ ಹೊರಟೆ. ಎರಡು ಸಲ ಹೋಗಿ ಬರುವಷ್ಟರಲ್ಲಿ ಬಸ್ಸು ಗುರುಗುಟ್ಟಿತು.

"ಬೇಗ ಬನ್ನಿ, ರೈಲು ಸಿಗ್ತದೆ!" ಡ್ರೈವರ್ ಕೂಗಿದ.

ಚೊಂಬಿನಿಂದ ಕಣ್ಣು ತೆಗೆಯದೆ ಹೇಳಿದೆ: "ಸ್ವಲ್ಪ ನಿಲ್ಲು ಮಾರಾಯ, ಇನ್ನೊಂದು ಸುತ್ತು ಬಾಕಿ ಉಂಟು."