ತೊಂಬತ್ತು ನಿಮಿಷಕ್ಕೊಂದು ಊಟ

ನಾನಿರುವ ಏಪೆಕ್ಸ್ ಊರಿನ ಕಡೆಯ ಕನ್ನಡದವರ ವಾಟ್ಸಪ್ ಗುಂಪಿನಲ್ಲಿ ಬೇಸಿಗೆ ಬಂತೆಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮಕ್ಕಳನ್ನ ಥೀಮ್ ಪಾರ್ಕ್‌ಗೆ ಕರ್ಕೊಂಡು ಹೋಗ್ತಿದೀವಿ. ಮೀಲ್ ಪ್ಲಾನ್ ಮೊದಲೇ ತಗೊಂಡ್ರೆ ವರ್ತ್ ಆಗತ್ತಾ?" ಉಳಿದವರು ತಕ್ಷಣ ನನ್ನ ಕಡೆ ಬೆರಳು ತೋರಿಸುತ್ತಾರೆ. ಈ ಶಾಸ್ತ್ರದಲ್ಲಿ ನಾನು ಪೀಠಾಧಿಪತಿ. ಒಂದು ಕಾಲದಲ್ಲಿ ಬಣ್ಣ ಬಣ್ಣದ ಎಕ್ಸೆಲ್ ಶೀಟು ಹಾಕಿ ಗುಂಪಿನವರಿಗೆಲ್ಲ ಉಪದೇಶ ಮಾಡಿದವನು. ಈಗ ಯಾರು ಕೇಳಿದರೂ ಸುಮ್ಮನಿರುತ್ತೇನೆ. ಉತ್ತರ ಹೇಳಹೊರಟರೆ ಅಕ್ಕನ ವಿಷಯ ಹೇಳಬೇಕಾಗುತ್ತದೆ.

ಅಕ್ಕ ಇರುವುದು ಅಟ್ಲಾಂಟಾದ ಜಾನ್ಸ್ ಕ್ರೀಕಿನಲ್ಲಿ. ಭಾವ, ಒಂಬತ್ತು ವರ್ಷದ ಮಗಳು, ಅವಳು, ಮೂರೇ ಜನ. ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಒಂದು ಬೇಸಿಗೆಯಲ್ಲಿ ಅವಳು ಫೋನ್ ಮಾಡಿ, "ಈ ಶನಿವಾರ ಎಲ್ಲಾದ್ರೂ ಸಿಗೋಣ ಕಣೋ. ನಿನ್ನ ಹತ್ರ ಸ್ವಲ್ಪ ಮಾತಾಡೋದಿದೆ" ಎಂದಳು.

"ಈಗ್ಲೇ ಹೇಳು."

"ಫೋನಲ್ಲಿ ಆಗಲ್ಲ. ಕೂತ್ಕೊಂಡು ಮಾತಾಡ್ಬೇಕು."

ಅದು ಏನೆಂದು ನನಗೆ ತಿಳಿದದ್ದು ಕೊನೆಗೆ. ನಿಮಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ, ನನ್ನ ಜೊತೆ ನೀವೂ ಪೆದ್ದರಾಗುವುದು ಬೇಡ. ಒಂಬತ್ತು ವರ್ಷ ಗಂಡನ ವೀಸಾದ ಬಾಲ ಹಿಡಿದು ಮನೆಯಲ್ಲಿ ಕೂತಿದ್ದ ಅಕ್ಕನಿಗೆ ಆ ವಸಂತದಲ್ಲಿ ಕೆಲಸ ಮಾಡುವ ಪರ್ಮಿಟ್ ಬಂದಿತ್ತು. ನಮಗ್ಯಾರಿಗೂ ಹೇಳದೆ ಮೂರು ಇಂಟರ್‌ವ್ಯೂ ಮುಗಿಸಿ, ರಾಲಿಯಲ್ಲಿ ಒಂದು ಕೆಲಸ ಗಿಟ್ಟಿಸಿಕೊಂಡಿದ್ದಳು. ಮೊದಲ ಆರು ತಿಂಗಳು ಆಫೀಸಿಗೇ ಹೋಗಬೇಕು, ಆಮೇಲೆ ಎಲ್ಲಿಂದ ಬೇಕಾದರೂ ಮಾಡಬಹುದು. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಭಾವ, "ನಿನ್ನ ತಮ್ಮ ಆರು ತಿಂಗಳು ನಿನ್ನನ್ನೂ ಮಗಳನ್ನೂ ಇಟ್ಕೊಳ್ಳೋಕೆ ಒಪ್ಪಿದ್ರೆ ನೋಡೋಣ" ಎಂದಿದ್ದರು. ನನ್ನ ಮನೆ ರಾಲಿಯಿಂದ ಅರ್ಧ ಗಂಟೆ. ಎರಡು ರೂಮು, ಒಬ್ಬನೇ ಬ್ರಹ್ಮಚಾರಿ. ಅವಳು ನನ್ನಿಂದ ಪಡೆಯಬೇಕಾಗಿದ್ದದ್ದು ಒಂದು ಹೂಂ.

ಅವಳಿಗೂ ನನಗೂ ಅರ್ಧ ದಾರಿಗೆ ಸ್ವಲ್ಪ ಆಚೀಚೆ ಶಾರ್ಲೆಟ್ ನಗರ. "ಅಲ್ಲೊಂದು ಥೀಮ್ ಪಾರ್ಕ್ ಇದೆ, ನಿನ್ನ ಮಗಳಿಗೂ ಖುಷಿಯಾಗತ್ತೆ" ಎಂದವನು ನಾನೇ. ಕೂತು ಮಾತಾಡಬೇಕು ಎಂದವಳನ್ನು, ತಲೆಕೆಳಗಾಗಿ ನೇತುಹಾಕಿ ತಿರುಗಿಸುವ ಜಾಗಕ್ಕೆ ಕರೆದ ಬುದ್ಧಿವಂತ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಟಿಕೆಟ್ ಬುಕ್ ಮಾಡುವಾಗ ಪಕ್ಕದಲ್ಲಿ ಒಂದು ಆಫರ್ ಮಿನುಗಿತು: ದಿನವಿಡೀ ಊಟದ ಪ್ಲಾನ್. ಮುಂಗಡ ದುಡ್ಡು ಕಟ್ಟಿದರೆ ಕೈಗೊಂದು ಪಟ್ಟಿ ಕೊಡುತ್ತಾರೆ. ತೊಂಬತ್ತು ನಿಮಿಷಕ್ಕೊಮ್ಮೆ ಯಾವ ಕೌಂಟರಿನಲ್ಲಾದರೂ ಅದನ್ನು ತೋರಿಸಿ ಒಂದು ತಟ್ಟೆ ತೆಗೆದುಕೊಳ್ಳಬಹುದು. ನಾನು ಇಂಜಿನಿಯರು, ಎಕ್ಸೆಲ್ ಇಲ್ಲದೆ ಹಲ್ಲುಜ್ಜುವುದಿಲ್ಲ. ಎರಡು ಗಂಟೆ ಲೆಕ್ಕ ಹಾಕಿ ಕಂಡುಹಿಡಿದೆ: ಎರಡು ತಟ್ಟೆಗೆ ಅಸಲು, ಮೂರನೆಯದರಿಂದ ಲಾಭ, ಐದಕ್ಕೆ ಮುಟ್ಟಿದರೆ ಪಾರ್ಕಿನವರು ಮನೆ ಮಾರಿಕೊಳ್ಳಬೇಕು. ನಾಲ್ಕು ಜನಕ್ಕೂ ಕೊಂಡೆ. ಅದರ ಹಿಂದೆ ಒಂದು ಒಳ್ಳೆಯ ಉದ್ದೇಶವೂ ಇತ್ತು ಎಂದು ನನ್ನ ವಕೀಲನಾಗಿ ನಾನೇ ಹೇಳಿಕೊಳ್ಳಬೇಕು. ನಾನು ಇಲ್ಲಿ ಓದುತ್ತಿದ್ದಾಗ ಡಬ್ಬಿಗಟ್ಟಲೆ ಹುಳಿ, ಪಲ್ಯ ಫ್ರೀಜ್ ಮಾಡಿ ಬರುವವರ ಕೈಯಲ್ಲಿ ಕಳಿಸಿದವಳು ಅಕ್ಕ. ಒಂದು ದಿನ ಅವಳಿಗೆ ನಾನು ಊಟ ಹಾಕಬೇಕೆಂದಿತ್ತು.

ಹಿಂದಿನ ದಿನ ಮೆಸೇಜ್ ಕಳಿಸಿದೆ: "ಬೆಳಿಗ್ಗೆ ಯಾರೂ ಏನೂ ತಿನ್ಬೇಡಿ. ಸರ್‌ಪ್ರೈಸ್ ಇದೆ." ಸತ್ಯನಾರಾಯಣ ಪೂಜೆಗೂ ನಮ್ಮ ಮನೆಯಲ್ಲಿ ಇಷ್ಟು ಕಟ್ಟುನಿಟ್ಟಿನ ಉಪವಾಸ ನಡೆದಿಲ್ಲ.

ನಾಲ್ಕು ಗಂಟೆ ದಾರಿ ಸವೆಸಿ ಹತ್ತಕ್ಕೆ ಬಂದು ಇಳಿದರು. ಖಾಲಿ ಹೊಟ್ಟೆಗೆ ಅಕ್ಕನಿಗೆ ತಲೆನೋವು. ಕಾರಿನ ಹಿಂದೆ ಐಸ್ ತುಂಬಿದ ದೊಡ್ಡ ಕೂಲರ್. ಮೂರಕ್ಕೆ ಎದ್ದು ಪುಳಿಯೋಗರೆ, ಆಲೂಗಡ್ಡೆ ಪಲ್ಯ, ಚಪಾತಿ, ಒಂದು ಡಬ್ಬಿ ಮೊಸರನ್ನ ಮಾಡಿದ್ದಳು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ಅದೂ ಅವಳಿಗೆ ಗೊತ್ತಿತ್ತು.

"ಗೇಟ್ ಹೊರಗೆ ಮರದ ಕೆಳಗೆ ಟೇಬಲ್ ಇದೆಯಂತೆ. ಕೈಗೆ ಸೀಲ್ ಹಾಕಿಸ್ಕೊಂಡ್ರೆ ವಾಪಸ್ ಒಳಗೆ ಬಿಡ್ತಾರಂತೆ, ಫೋನ್ ಮಾಡಿ ಕೇಳಿದೀನಿ. ಒಂದು ಗಂಟೆಗೆ ಹೊರಗೆ ಬಂದು ಊಟ ಮಾಡೋಣ" ಎಂದಳು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ದೊಡ್ಡ ಮಾತಿಗೆಲ್ಲ ಮೊಸರನ್ನದ ಹೊತ್ತೇ ಮುಹೂರ್ತ. ಹುಳಿಯನ್ನ ಮುಗಿಯುವವರೆಗೆ ಬರಿ ಉಪ್ಪು ಖಾರದ ಮಾತು. ಎಲ್ಲರ ತಟ್ಟೆಗೂ ಮೊಸರು ಬಿದ್ದ ಮೇಲೆ ಯಾರಾದರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಪ್ಪ ಸೈಟು ಮಾರಿದ್ದನ್ನು ಹೇಳಿದ್ದು, ಅಕ್ಕನಿಗೆ ಗಂಡು ಗೊತ್ತಾದದ್ದನ್ನು ಹೇಳಿದ್ದು, ನಾನು ಮೂರು ಸಬ್ಜೆಕ್ಟ್ ಫೇಲಾದದ್ದನ್ನು ಒಪ್ಪಿಕೊಂಡಿದ್ದು, ಎಲ್ಲವೂ ಆಗಲೇ. ಹೊಟ್ಟೆ ತುಂಬಿರುತ್ತದೆ, ಕೈ ಎಂಜಲು, ಎದ್ದು ಓಡುವ ಹಾಗಿಲ್ಲ, ಕೂಗಾಡುವ ಶಕ್ತಿಯೂ ಯಾರಿಗೂ ಉಳಿದಿರುವುದಿಲ್ಲ. ಅಕ್ಕ ಇನ್ನೂರು ಮೈಲಿಗಿಂತ ಹೆಚ್ಚು ದೂರ ಹೊತ್ತು ತಂದದ್ದು ಆ ಮುಹೂರ್ತವನ್ನು. ಅದನ್ನು ಈ ಭೂಮಿಯ ಮೇಲೆ ತಕ್ಷಣ ಗುರುತಿಸಬೇಕಾಗಿದ್ದ ಒಬ್ಬನೇ ಪ್ರಾಣಿ ನಾನು. ನಾನು ಕೈಪಟ್ಟಿಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದೆ.

"ಅಕ್ಕಾ, ಊಟ ಎಲ್ಲ ಒಳಗೇ! ಪ್ರೀಪೇಯ್ಡ್! ಸಂಜೆವರೆಗೂ ಅನ್‌ಲಿಮಿಟೆಡ್!"

ಅಕ್ಕ ಕೂಲರ್ ಕಡೆ ನೋಡಿದಳು. ಭಾವ ನನ್ನ ಕಡೆ ನೋಡಿದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಕಣ್ಣರಳಿಸಿ ನೋಡಿದ್ದು ಅದೇ ಮೊದಲು.

"ಬ್ರೇಕ್ ಈವನ್ ಎಷ್ಟಕ್ಕಪ್ಪಾ?"

"ಎರಡಕ್ಕೆ ಭಾವ. ಟಾರ್ಗೆಟ್ ಐದು."

"ಭೇಷ್. ನಡಿ, ಮೊದಲನೇದು ಶುರು ಮಾಡೋಣ."

ನನಗೆ ಎರಡು ಕೊಂಬು ಮೂಡಿದವು. ಆ ದಿನವೆಲ್ಲ ಭಾವ, ನಾನು ಒಂದು ಪಾರ್ಟಿ.

ಮೊದಲ ತಟ್ಟೆ ಚೀಸ್ ಪಿಜ್ಜಾ, ಹತ್ತೂವರೆಗೆ. ಅದರ ಜೊತೆ ಫ್ರೆಂಚ್ ಫ್ರೈಸ್. ಹನ್ನೆರಡಕ್ಕೆ ಎರಡನೆಯದಕ್ಕೆ ಹೋದಾಗ ಗೊತ್ತಾಯಿತು, ನನ್ನ ಎಕ್ಸೆಲ್ಲಿನಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ: ನಾವು ನಾಲ್ವರೂ ಸಸ್ಯಾಹಾರಿಗಳು. ಪಿಜ್ಜಾ ಬಿಟ್ಟರೆ ಎಲ್ಲ ಕೌಂಟರಿನಲ್ಲೂ ಕೋಳಿಯೇ ರಾಜ್ಯಭಾರ ಮಾಡುತ್ತಿತ್ತು. ಬುದ್ಧಿ ಓಡಿಸಿ, ಚಿಕನ್ ಬರ್ಗರಿನಲ್ಲಿ ಚಿಕನ್ ತೆಗೆದುಕೊಡಿ ಎಂದೆ. ಕೌಂಟರಿನ ಹುಡುಗಿ ಮ್ಯಾನೇಜರನ್ನು ಕರೆದಳು. ಮ್ಯಾನೇಜರ್ ನನ್ನನ್ನು, ಮೆನುವನ್ನು, ಆಕಾಶವನ್ನು ನೋಡಿ, ನಾಲ್ಕು ಪೊಟ್ಟಣ ಕೊಟ್ಟ. ಎರಡು ಬನ್ನು, ನಡುವೆ ಒಂದು ಎಲೆ, ಮೇಲೆ ದಿಕ್ಕುಗೆಟ್ಟ ಟೊಮೇಟೊ ಚೂರು. ಅದಕ್ಕೂ ಫ್ರೆಂಚ್ ಫ್ರೈಸ್.

"ಮಾಮ, ದಿಸ್ ಈಸ್ ಜಸ್ಟ್ ಬ್ರೆಡ್" ಎಂದಳು ಅಕ್ಕನ ಮಗಳು.

"ತಿನ್ನು ಪುಟ್ಟಿ, ಇದರಿಂದ ಅಸಲು ಬಂದ್ಬಿಡ್ತು."

ಒಂದಾಯಿತು. ಅಕ್ಕ ಕೈಗಡಿಯಾರ ನೋಡಿ, "ಈಗ ಹೊರಗೆ ಹೋಗೋಣ್ವಾ?" ಎಂದಳು.

"ಹೋಗಿ ಬರೋದ್ರಲ್ಲಿ ಒಂದು ಗಂಟೆ ಆಗತ್ತೆ ಅಕ್ಕ. ಒಂದೂವರೆ ಸ್ಲಾಟ್ ತಪ್ಪಿದ್ರೆ ಮುಂದಿಂದೆಲ್ಲ ಜರುಗತ್ತೆ!"

"ಅವನು ಹೇಳೋದು ಕರೆಕ್ಟ್" ಎಂದರು ಭಾವ. "ಇಷ್ಟು ದೂರ ಬಂದು ಮನೆ ಊಟ ಯಾರು ತಿಂತಾರೆ?"

ಅವರು ಬೇಕೆಂದೇ ಹಾಗೆಂದರೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬೇಕೆಂದೇ ಆಗಿದ್ದರೂ ಅವರು ಕಷ್ಟಪಡಬೇಕಾಗಿರಲಿಲ್ಲ. ಕೆಲಸವನ್ನೆಲ್ಲ ನಾನೇ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದೆ.

ಮೂರನೆಯದು ಮತ್ತೆ ಪಿಜ್ಜಾ. ಎಲ್ಲರೂ ತಮ್ಮ ತಮ್ಮ ಪಟ್ಟಿಯನ್ನು ಖುದ್ದು ತೋರಿಸಬೇಕಾದ್ದರಿಂದ ಪ್ರತಿ ಸಲವೂ ನಾಲ್ವರೂ ಸಾಲಿನಲ್ಲಿ ನಿಲ್ಲಬೇಕಿತ್ತು. ನಿಂತು, ತೆಗೆದುಕೊಂಡು, ನಡೆಯುತ್ತಲೇ ತಿಂದು, ಮುಂದಿನ ಸಾಲಿಗೆ ಓಡುವುದು. ಅಷ್ಟು ತಿಂದರೂ ನಾವು ಊಟಕ್ಕೆ ಕೂತಿರಲಿಲ್ಲ.

ಎರಡೂವರೆಯ ಹೊತ್ತಿಗೆ ಭಾವ ಮಗಳನ್ನು ಕರೆದುಕೊಂಡು ರೋಲರ್ ಕೋಸ್ಟರಿಗೆ ಹೋದರು. ಅಕ್ಕ ಬೆಂಚಿನ ಮೇಲೆ ಕೂತು ಪಕ್ಕದ ಜಾಗ ತಟ್ಟಿದಳು. ಕೂತೆ.

"ನಿನ್ನ ಮನೇಲಿ ಇನ್ನೊಂದು ರೂಮ್ ಹೇಗಿಟ್ಟಿದೀಯ ಈಗ?"

"ಅಯ್ಯೋ, ಅದು ಗೋಡೌನು. ಒಳಗೆ ಹೋದವರು ತಿರುಗಿ ಬಂದಿಲ್ಲ."

ಅವಳು ನಕ್ಕಳು. "ಸೀರಿಯಸ್ ಆಗಿ ಹೇಳೋ. ಯಾರಾದ್ರೂ ಬಂದ್ರೆ..."

"ಯಾರು ಬರ್ತಾರೆ? ನನ್ನ ಅಡುಗೆ ರುಚಿ ಊರಿಗೇ ಗೊತ್ತು."

"ನೋಡು, ನಂಗೆ ರಾಲಿಲಿ ಒಂದು..."

ಜೇಬಿನಲ್ಲಿ ಫೋನ್ ಅರಚಿತು. ಸ್ಲಾಟಿಗೆ ಹತ್ತು ನಿಮಿಷ ಮೊದಲು ಬಡಿಯುವಂತೆ ನಾನೇ ಇಟ್ಟುಕೊಂಡಿದ್ದ ಅಲಾರಂ. ಮಾರಿಗುಡಿಯ ಕುರಿ ಗಂಟೆ ಕೇಳಿದ ಹಾಗೆ ಎದ್ದು ನಿಂತೆ. "ಒಂದ್ನಿಮಿಷ ಅಕ್ಕ, ಸಾಲು ಹಿಡ್ದಿರ್ತೀನಿ, ನೀನು ನಿಧಾನಕ್ಕೆ ಬಾ" ಎಂದು ಓಡಿದೆ. ತಿರುಗಿ ನೋಡಿದಾಗ ಅವಳು ಇನ್ನೂ ಕೂತಿದ್ದಳು. ಕೈಯಾಡಿಸಿದಳು, ಹೋಗು ಎನ್ನುವಂತೆ.

ಐದನೆಯದು ನಾಲ್ಕೂವರೆಗೆ ಮುಗಿಯಿತು. ಗುರಿ ಮುಟ್ಟಿದ ಸಂತೋಷಕ್ಕೆ ಭಾವ, ನಾನು ಒಂದು ಗಿರಗಿಟ್ಟಲೆ ಹತ್ತಿದೆವು. ಇಳಿದವನು ಹೇಗೋ ಪಾರ್ಕಿಂಗ್ ಲಾಟಿನವರೆಗೆ ಬಂದೆ. ಭಾವನ ಕಾರಿನ ಪಕ್ಕದ ಹುಲ್ಲಿನ ಮೇಲೆ, ದಿನದ ಲಾಭವನ್ನೆಲ್ಲ ಭೂಮಿತಾಯಿಗೆ ಸಮರ್ಪಿಸಿದೆ. ಪಕ್ಕದ ಕಾರಿನ ಪುಟ್ಟ ಮಗುವೊಂದು ನನ್ನನ್ನು ನೋಡಿ ಚಪ್ಪಾಳೆ ತಟ್ಟಿತು.

ಅಕ್ಕ ಬೆನ್ನು ಸವರಿ ನೀರು ಕೊಟ್ಟಳು. ಆಮೇಲೆ ಕೂಲರ್ ತೆಗೆದು ಮೊಸರನ್ನದ ಡಬ್ಬಿ ಎತ್ತಿಕೊಂಡಳು. ಐಸೆಲ್ಲ ಕರಗಿತ್ತು, ಡಬ್ಬಿ ಇನ್ನೂ ತಣ್ಣಗಿತ್ತು.

"ಎರಡು ತುತ್ತು ತಿನ್ನು. ಹೊಟ್ಟೆ ತಂಪಾಗತ್ತೆ. ಕೂತ್ಕೋ, ಹಾಗೇ ಮಾತಾಡೋಣ."

ಆ ವಾಸನೆಗೇ ನಾನು ಮುಖ ತಿರುಗಿಸಿದೆ. "ಬೇಡ ಅಕ್ಕ, ತೆಗಿ, ತೆಗಿ ಆ ಕಡೆ" ಎಂದು ಕೈಯಿಂದ ದೂರ ತಳ್ಳಿದೆ. ಭಾವ ಆಗಲೇ ಕಾರು ಶುರು ಮಾಡಿದ್ದರು. "ಹೊರಡೋಣ್ವಾ? ನಾಲ್ಕು ಗಂಟೆ ಡ್ರೈವ್ ಇದೆ. ಫೋನಲ್ಲಿ ಮಾತಾಡ್ಕೊಳ್ಳಿ."

ಅಕ್ಕ ಡಬ್ಬಿಯ ಮುಚ್ಚಳ ಒತ್ತಿದಳು, ನಾಲ್ಕೂ ಮೂಲೆ, ಒಂದೊಂದಾಗಿ.

ಭಾನುವಾರ ನಾನೇ ಫೋನ್ ಮಾಡಿದೆ, ಎಷ್ಟು ಉಳಿತಾಯವಾಯಿತು ಎಂದು ಹೇಳಲು. ಭಾವ ಜೊತೆಯಲ್ಲೇ ಇದ್ದರು, ಸ್ಪೀಕರಿನಲ್ಲಿ ಕೇಳಿ ಹೋ ಎಂದು ನಕ್ಕರು. ಅಕ್ಕನೂ ನಕ್ಕಳು. "ಏನೋ ಮಾತಾಡೋದಿದೆ ಅಂದಿದ್ಯಲ್ಲ?" ಎಂದು ಕೇಳಿದೆ. ಕೇಳಿದೆ ಎಂದು ಸಾಕ್ಷಿಗೆ ಇಲ್ಲಿ ಬರೆದಿಡುತ್ತಿದ್ದೇನೆ. "ಏನಿಲ್ಲ ಬಿಡು" ಎಂದಳು. ನಾನು ಬಿಟ್ಟೆ. ಬಿಡುವುದರಲ್ಲಿ ನಾನು ಯಾವತ್ತೂ ಚುರುಕು.

ಬುಧವಾರ ವೀಡಿಯೊ ಕಾಲಿನಲ್ಲಿ ಅವಳ ಮಗಳು ಒಬ್ಬಳೇ ಸಿಕ್ಕಳು.

"ಮಾಮ, ವಿ ಆರ್ ನಾಟ್ ಕಮಿಂಗ್ ಟು ಲಿವ್ ವಿತ್ ಯು. ಅಮ್ಮ ಜಾಬ್‌ಗೆ ನೋ ಅಂತ ಹೇಳಿದ್ಲು."

"ಯಾವ ಜಾಬ್ ಪುಟ್ಟಿ?"

ಎಲ್ಲವನ್ನೂ ಅವಳೇ ಹೇಳಿದಳು. ನನ್ನ ಮನೆಗೆ ಬಂದರೆ ಯಾವ ಗೋಡೆಗೆ ತನ್ನ ಚಿತ್ರಗಳನ್ನು ಅಂಟಿಸಬೇಕು ಎಂದೂ ಯೋಚಿಸಿಟ್ಟಿದ್ದಳಂತೆ.

ಅಕ್ಕನಿಗೆ ಫೋನ್ ಮಾಡಿ ಹಾರಾಡಿದೆ. "ಕೇಳಬಾರದಾ ಅಕ್ಕ? ಒಂದು ಲೈನ್ ಮೆಸೇಜ್ ಹಾಕಿದ್ರೆ ಆಗ್ತಿತ್ತಲ್ಲ!"

"ಆರು ತಿಂಗಳು ಬಂದು ನಿನ್ನ ಮನೇಲಿ ಕೂರ್ತೀನಿ ಅನ್ನೋದನ್ನ ಮೆಸೇಜಲ್ಲಿ ಕೇಳ್ತಾರೇನೋ?"

"ಪಾರ್ಕಲ್ಲಿ ಕೇಳಬಹುದಿತ್ತು."

"ಕೇಳೋಕೇ ಬಂದಿದ್ದೆ ಕಣೋ."

"ಈಗ ಅವರಿಗೆ ಫೋನ್ ಮಾಡು. ನಾನು ಹೂಂ ಅಂತಿದೀನಲ್ಲ."

"ಬೇರೆಯವರನ್ನ ತಗೊಂಡಾಯ್ತಂತೆ. ತಡೀಲಾರದೆ ನಿನ್ನೆನೇ ಫೋನ್ ಮಾಡಿ ಕೇಳಿದೆ." ಮತ್ತೆ, "ನೀನು ಹೂಂ ಅಂತಿದ್ದೆ ಅಂತ ನಂಗೂ ಗೊತ್ತು. ಆದ್ರೆ ಅವತ್ತು ನಿಮ್ಮಿಬ್ರನ್ನೂ ನೋಡಿ, ಯಾಕೋ ಬಾಯೇ ಬರ್ಲಿಲ್ಲ" ಎಂದಳು.

ನನಗೆ ಅವಳ ಮೇಲೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಕಾಲರ್ ಹಿಡಿದು ಕೂರಿಸಿ ಕೇಳಬಹುದಿತ್ತು. ನಾನು ಚಿಕ್ಕವನಿದ್ದಾಗ ಇದಕ್ಕಿಂತ ಸಣ್ಣ ವಿಷಯಕ್ಕೆ ಕಿವಿ ಹಿಂಡಿದವಳು. ಆದರೆ ಕೊಡುವವಳಾಗಿ ಕಿವಿ ಹಿಂಡುವುದು ಬೇರೆ. ಕೇಳುವವಳಾಗಿ ಬಂದಾಗ ಅವಳ ಕೈ ಅಷ್ಟು ದೂರ ಚಾಚುತ್ತಿರಲಿಲ್ಲ. ಇದು ನನಗೆ ಹೊಳೆಯುವ ಹೊತ್ತಿಗೆ ಅವಳ ಪರ್ಮಿಟ್ಟಿನ ಅವಧಿ ಮುಗಿದು, ನವೀಕರಣ ಮತ್ತೆ ಯಾವುದೋ ಸಾಲಿನಲ್ಲಿ ನಿಂತಿತ್ತು. ಬೇರೆ ಕೆಲಸಕ್ಕೆ ಹಾಕಿದ್ದೀಯಾ ಎಂದು ಕೇಳಿದರೆ, "ನೋಡೋಣ" ಎನ್ನುತ್ತಾಳೆ, ಥೇಟ್ ಭಾವನ ದನಿಯಲ್ಲಿ.

ವಿಷಯ ತಿಳಿದ ಆ ವಾರದ ಕೊನೆಯಲ್ಲೇ ನಾನು ಇನ್ನೊಂದು ರೂಮು ಖಾಲಿ ಮಾಡಿದ್ದೆ. ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿ, ನೆಲ ಒರೆಸಿ, ಎರಡು ಮಂಚ ತಂದು ಜೋಡಿಸಿದೆ. ಮಕ್ಕಳ ಮಂಚವನ್ನು ತಲೆಕೆಳಗು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದೆ. ಬಿಸಿಲು ಬೀಳುವ ಗೋಡೆಯನ್ನು ಖಾಲಿ ಬಿಟ್ಟೆ. ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ, ಕೆಳಗೆ ಏನೂ ಬರೆಯಲಿಲ್ಲ.

ಎರಡು ದಿನ ಬಿಟ್ಟು ಉತ್ತರ ಬಂತು: "ತುಂಬಾ ಚೆನ್ನಾಗಿದೆ ಕಣೋ. ಸುಮ್ನೆ ಖಾಲಿ ಇಟ್ಕೋಬೇಡ, ಯಾರಾದ್ರೂ ಸ್ಟೂಡೆಂಟ್‌ಗೆ ಬಾಡಿಗೆಗೆ ಕೊಡು."