ಹಡಗು ಕಾರ್ಖಾನೆ ಮುಚ್ಚಿದ ಮೇಲಿನ ಫುಟ್‌ಬಾಲ್

ಯಾವ ಕಾರ್ಯಕ್ರಮವೇ ಆಗಲಿ, ಮುಗಿಯುವ ಹತ್ತು ನಿಮಿಷ ಮೊದಲೇ ಏಳುವುದು ನನ್ನ ಚಟ. ಯಕ್ಷಗಾನದಲ್ಲಿ ಮಂಗಳ ಹಾಡುವ ಹೊತ್ತಿಗೆ ನಾನು ಪಾರ್ಕಿಂಗಿನಲ್ಲಿ ರಿವರ್ಸ್ ಗೇರ್ ಹಾಕಿರುತ್ತೇನೆ. ಗಲ್ಫಿನಲ್ಲಿ ಬಹಳ ಕಾಲ ಇದ್ದು ಪಾರ್ಕಿಂಗಿನ ಗೋಳು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ನನ್ನನ್ನು ಹಯಾಶಿ ಫುಟ್‌ಬಾಲ್ ನೋಡಲು ಕರೆದ. ಅಬುಧಾಬಿ ಹೊರವಲಯದ ಮುಸಫ್ಫಾದಲ್ಲಿದ್ದ ನಮ್ಮ ವರ್ಕ್‌ಶಾಪಿಗೆ ವೆಲ್ಡಿಂಗ್ ಪರೀಕ್ಷಿಸಲು ಬರುವ ಜಪಾನಿ ಎಂಜಿನಿಯರ್ ಆತ. ಅವನೂರಿನ ಕ್ಲಬ್ಬು ಅಬುಧಾಬಿಗೆ ಆಡಲು ಬಂದಿತ್ತು. ನನಗೋ ಆಗ ಯಾವ ಆಟವೂ ಬೇಡವಾಗಿತ್ತು. ನಮ್ಮ ಕಂಪೆನಿ ಮುಚ್ಚುವುದರಲ್ಲಿತ್ತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಬೇರೆ ಕೆಲಸ ಸಿಕ್ಕಿತ್ತು ಬಿಡಿ. ನನ್ನ ಸಂಕಟವೆಲ್ಲ ನಮ್ಮ ವಾಲಿಬಾಲ್ ಟೀಮಿನದು. ಉಡುಪಿ, ಮಂಗಳೂರು ಕಡೆಯ ನಾವೆಲ್ಲ ರಜೆಯ ಸಂಜೆ ಗೋದಾಮಿನ ಹಿಂದೆ ನೆಟ್ ಕಟ್ಟಿ ಆಡುತ್ತ ಬಂದವರು. ಸ್ಟೋರಿನ ಲ್ಯಾನ್ಸಿಯಂತೂ, "ಕಂಪೆನಿಯೇ ಖಲಾಸ್, ಇನ್ನು ಟೀಮು ಎಂಥದ್ದು ಮಾರಾಯ್ರೆ?" ಎಂದು ಕೈಚೆಲ್ಲಿದ್ದ.

ಕಾರಿನಲ್ಲಿ ಹಯಾಶಿ ತನ್ನ ಕ್ಲಬ್ಬಿನ ಚರಿತ್ರೆ ಹೇಳಿದ. ನಮ್ಮಲ್ಲಾದರೆ ಅದಕ್ಕೆ ಸ್ಥಳಪುರಾಣ ಅನ್ನುತ್ತಿದ್ದೆವು. ಸಮುದ್ರದ ಅಂಚಿನ ಊರು, ಹಡಗು ಕಟ್ಟುವ ಕಾರ್ಖಾನೆ. ಊಟದ ಬಿಡುವಿನಲ್ಲಿ ಚೆಂಡು ಒದೆಯುತ್ತಿದ್ದ ಕಾರ್ಮಿಕರದೇ ತಂಡ. ಹಯಾಶಿಯ ಅಪ್ಪ ಅದರ ಗೋಲ್‌ಕೀಪರ್. ವೃತ್ತಿಪರ ಲೀಗ್ ಬಂದಾಗ ಅಂಗಿಯ ಮೇಲಿನ ಕಂಪೆನಿಯ ಹೆಸರು ತೆಗೆದು ಊರಿನ ಹೆಸರು ಹಾಕಿದರಂತೆ. ಆಮೇಲೆ ಕಾರ್ಖಾನೆಯೇ ಮುಚ್ಚಿತು. ತಂಡ ಕೆಳದರ್ಜೆಗೆ ಜಾರಿತು. ಆಟಗಾರರು ಬೆಳಗ್ಗೆ ಮೀನು ಮಾರುಕಟ್ಟೆಯಲ್ಲಿ ದುಡಿದು ಸಂಜೆ ಆಡಿದರು, ಅವರ ಅಂಗಿಗಳನ್ನು ಊರಿನ ಹೆಂಗಸರು ಮನೆಗೊಯ್ದು ಒಗೆದರು. ಹೀಗೆ ವರ್ಷಗಟ್ಟಲೆ ಏಗಿ, ಮತ್ತೆ ಮೇಲೇರಿ, ಈಗ ಏಷ್ಯಾದ ಪಂದ್ಯಾವಳಿಗೆ ಬಂದು ನಿಂತಿದ್ದರು.

"ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಏನುಂಟು?" ಎಂದು ಕೇಳಿದೆ.

"ಹುಲ್ಲು," ಅಂದ.

ಆಟ ಮಾತ್ರ ಅವರ ಕೈಯಲ್ಲಿರಲಿಲ್ಲ. ಒಂದರ ಮೇಲೊಂದು ಗೋಲು ತಿನ್ನುತ್ತಿದ್ದರು. ಜಪಾನಿನಿಂದ ಬಂದ ಒಂದು ಹಿಡಿ ಅಭಿಮಾನಿಗಳು ಪ್ರತಿ ಗೋಲಿಗೂ ಇನ್ನಷ್ಟು ಜೋರಾಗಿ ಹಾಡುತ್ತಿದ್ದರು. ಸೋಲುವುದು ಖಚಿತವಾಗುತ್ತಲೇ ನಾನು ಕೀ ಹಿಡಿದು ಎದ್ದೆ. "ಯಲ್ಲಾ, ಹೋಗುವ. ಮತ್ತೆ ಪಾರ್ಕಿಂಗಿನಲ್ಲಿ ಸಿಕ್ಕಿಬೀಳುತ್ತೇವೆ." ಹಯಾಶಿ ನನ್ನನ್ನು ಊಟದ ಪಂಕ್ತಿಯ ನಡುವೆ ಎದ್ದವನನ್ನು ನೋಡುವ ಹಾಗೆ ನೋಡಿದ. "ಅವರಿಗೆ ನಾವು ಬೇಕಾಗಿರುವುದೇ ಈಗ," ಅಂದ. ತೆಪ್ಪಗೆ ಕೂತೆ.

ಸೀಟಿ ಊದಿದ ಮೇಲೆ ಆಟಗಾರರು ಸಾಲಾಗಿ ನಮ್ಮ ಮುಂದೆ ಬಂದು ಸೊಂಟದವರೆಗೆ ಬಾಗಿದರು. ಹಾಡಿ ಹಾಡಿ ಗಂಟಲು ಬಿದ್ದ ಅಭಿಮಾನಿಗಳೂ ಅಷ್ಟೇ ಬಾಗಿದರು. ಹಯಾಶಿಯ ಕಣ್ಣು ಒದ್ದೆಯಾಗಿತ್ತು. ಗೆದ್ದವರಿಗೆ ಹಾರ ಹಾಕುವುದನ್ನು ಬೇಕಾದಷ್ಟು ನೋಡಿದ್ದೇನೆ. ಸೋತವರೂ ಸೋಲನ್ನು ನೋಡಿದವರೂ ಹೀಗೆ ಪರಸ್ಪರ ನಮಸ್ಕರಿಸುವುದನ್ನು ಕಂಡಿರಲಿಲ್ಲ. ನನಗರಿವಿಲ್ಲದೆ ನಾನೂ ಬಾಗಿದ್ದೆ. ಪಾರ್ಕಿಂಗಿನಿಂದ ಹೊರಬೀಳಲು ಯುಗವೇ ಹಿಡಿಯಿತು, ಬೇಸರವಾಗಲಿಲ್ಲ.

ಕಂಪೆನಿಗೆ ಬೀಗ ಬಿತ್ತು. ಹುಡುಗರು ಒಂದೊಂದು ದಿಕ್ಕಿಗೆ ಚದುರಿದರು. ಅದೇ ಚಳಿಗಾಲ ನಡೆದ ವಾಲಿಬಾಲ್ ಟೂರ್ನಮೆಂಟೊಂದಕ್ಕೆ ನಾನೇ ಎಲ್ಲರಿಗೂ ಫೋನ್ ಮಾಡಿದೆ. ಗೊಣಗುತ್ತಲೇ ಎಲ್ಲರೂ ಬಂದರು, ಲ್ಯಾನ್ಸಿ ಎಲ್ಲರಿಗಿಂತ ಮೊದಲು. ಮೈಕ್ ಹಿಡಿದವನು, "ಯಾವ ಕಂಪೆನಿಯ ಟೀಮು ಇದು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಲ್ಯಾನ್ಸಿ ನೆಟ್ಟಿನ ಆಚೆಯಿಂದಲೇ ಹೇಳಿದ:

"ಕಂಪೆನಿ ಇಲ್ಲ. ನಾವಿದ್ದೇವೆ."