ಹತ್ತಿ ತೂಗಿದ ದಿನ

ಟೀ ಲೋಟ ಹಿಡಿದ ನಮ್ಮ ಯಜಮಾನರ ಕೈ ನಡುಗಿತು. ಚಳಿ ಅಂದರು. ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಅವರು ಬ್ರಾಂದಿ ಹಿಡಿದಿದ್ದರು. ಗುಂಡ್ಲುಪೇಟೆಯ ತಮ್ಮ ಪಂಕ್ಚರ್ ಅಂಗಡಿಯಲ್ಲಿ ಬೆಳಿಗ್ಗೆಯೇ ಒಂದು ಕ್ವಾರ್ಟರ್ ಇಳಿಸದೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಆ ವಾರ ಜ್ವರ ಬಂದು ಮನೆಯಲ್ಲೇ ಮಲಗಿದ್ದರಿಂದ ಕುಡಿದಿರಲಿಲ್ಲ.

ಮಧ್ಯಾಹ್ನ ಫಿಟ್ಸ್ ಬಂತು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದಂತೆ.

ಚಾಮರಾಜನಗರದ ಆಸ್ಪತ್ರೆಯಿಂದ ಮೈಸೂರಿಗೆ ಕಳಿಸಿದರು. ಅಲ್ಲಿ ವಾರ್ಡಿನಲ್ಲಿಟ್ಟು ಕುಡಿತ ಬಿಡಿಸಿ, ಮೈ ಸ್ವಲ್ಪ ಗಟ್ಟಿಯಾದ ಮೇಲೆ, ವಾಸನೆಗೆ ಬಾಯಲ್ಲಿ ಎಷ್ಟು ನೀರೂರುತ್ತದೆ ಅಂತ ನೋಡಲು ಒಂದು ಟೆಸ್ಟ್ ಮಾಡಿದರು. ನಾಲಿಗೆಯ ಕೆಳಗೆ ಹತ್ತಿ, ನಾಡಿ ನೋಡಲು ಬೆರಳಿಗೆ ಕ್ಲಿಪ್. ಮೊದಲು ಒಂದು ಲೋಟ ನೀರು ಮೂಗಿನ ಹತ್ತಿರ ಹಿಡಿದರು. ಆಮೇಲೆ ಬ್ರಾಂದಿ. ಕುಡಿಸಲಿಲ್ಲ, ಮೂಸಿಸಿದರು ಅಷ್ಟೆ. ಪ್ರತಿ ಸಲವೂ ಹತ್ತಿ ತೆಗೆದು ತೂಗಿದರು. ಬ್ರಾಂದಿಯ ಹತ್ತಿ ತೊಯ್ದು ತೊಪ್ಪೆಯಾಗಿತ್ತು. ನಾಡಿಯೂ ಏರಿತ್ತು.

ನನಗೆ ಹೊಟ್ಟೆಕಿಚ್ಚಾಯಿತು.

ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆಕಿಚ್ಚೇ. ಹೆಣ್ಣಾಗಿದ್ದರೆ ಜಡೆ ಹಿಡಿದು ಜಗಳ ಆಡಬಹುದಿತ್ತು. ಬಾಟಲಿಗೆ ಜಡೆ ಎಲ್ಲಿದೆ? ತವರೂರು ಭೀಮನಬೀಡಿನಿಂದ ಮದುವೆಯಾಗಿ ಬಂದಾಗಿನಿಂದ ಉಪ್ಸಾರು ಕಾಯಿಸಿ, ಮುದ್ದೆ ಕಟ್ಟಿ, ಬಾಗಿಲು ಕಾಯ್ದು ಕೂತವಳು ನಾನು. ನನ್ನನ್ನು ಕಂಡು ಈ ಮನುಷ್ಯನ ನಾಡಿ ಯಾವತ್ತಾದರೂ ಓಡಿತ್ತೇ?

"ನನ್ ಉಪ್ಸಾರೂ ಇಕ್ಕಿ ತೂಗಿ ಸಾ, ನೋಡ್ಬುಡನ," ಅಂದೆ ಡಾಕ್ಟರಿಗೆ.

ಡಾಕ್ಟರು ನಗಲಿಲ್ಲ. ತನ್ನಿ ಅಂದರು. ಮಾರನೆಯ ದಿನ ಮೈಸೂರಿನಲ್ಲಿದ್ದ ತಂಗಿಯ ಮನೆಯಲ್ಲಿ ಕಾಯಿಸಿ, ಬಿಸಿಬಿಸಿಯಾಗಿ ಕ್ಯಾರಿಯರಿನಲ್ಲಿ ಒಯ್ದೆ. ಹತ್ತಿ ಒದ್ದೆಯಾಯಿತು. ಬ್ರಾಂದಿಯಷ್ಟಲ್ಲ.

ಸೋತೆ.

"ಇದು ಅವರು ಬೇಕು ಅಂತ ಮಾಡೋದಲ್ಲಮ್ಮ," ಅಂದರು ಡಾಕ್ಟರು. "ಮನಸ್ಸು ಬೇಡ ಅಂದ್ರೂ ಬಾಯಲ್ಲಿ ತಾನಾಗೇ ನೀರೂರುತ್ತೆ. ಮನೆಗೆ ಹೋದ ಮೇಲೂ ಆಗುತ್ತೆ. ಅದನ್ನ ಮುಚ್ಚಿಟ್ಟುಕೊಂಡರೇ ಅಪಾಯ."

ಅರ್ಥವಾಯಿತು. ಸಂಕಟವೇನೂ ಕಡಿಮೆಯಾಗಲಿಲ್ಲ.

ಮನೆಗೆ ಬಂದು ಕೆಲವು ತಿಂಗಳಾಗಿದೆ. ಮೊನ್ನೆ ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಎದುರಿಗೇ ಬ್ರಾಂದಿ ಅಂಗಡಿ. ಅವರು ಉಗುಳು ನುಂಗಿದ್ದು ಕಂಡೆ. ನನಗೆ ಮೈಯೆಲ್ಲ ಉರಿಯಿತು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಬೀಡಿ ತರುತ್ತೇನೆಂದು ಹೇಳಿ ಮಾಯವಾಗುತ್ತಿದ್ದರು.

"ಬಾಯಲ್ ನೀರ್ ಬಂದ್ಬುಡ್ತು ಕಣಮ್ಮಿ," ಅಂದರು. "ಆ ಕಡೀಕ್ ಓಗನ, ನಡಿ."

ಆ ಆಸೆಯ ವಿಷಯ ಅವರಾಗಿಯೇ ನನ್ನ ಹತ್ತಿರ ಹೇಳಿದ್ದು ಅದೇ ಮೊದಲು. ಬ್ಯಾಗು ಎತ್ತಿಕೊಂಡು ಜೊತೆಗೆ ನಡೆದೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಆ ಬಾಟಲಿ ಕರೆದಾಗ ಈಗ ನನಗೆ ಹೇಳುತ್ತಾರೆ.